ರಗಡ್ ಲ್ಯಾಪ್‌ಟಾಪಿನ ಒಳಬ್ಯಾಟರಿ: ಸೆಲ್ ಬದಲಿಸುವುದಕ್ಕಿಂತ ಮುಚ್ಚಳ ಮುಚ್ಚುವುದೇ ದೊಡ್ಡ ಕೆಲಸ

ಪ್ರಶ್ನೆ: ನನ್ನ ಹತ್ತಿರ ಸುಮಾರು ಹತ್ತು ವರ್ಷ ಹಳೆಯ, ಏಟು, ಮಳೆ, ಧೂಳು ತಡೆಯುವ ರಗಡ್ ಲ್ಯಾಪ್‌ಟಾಪ್ ಇದೆ. ಬಯಲಿನಲ್ಲಿ ಅಳತೆ ಕೆಲಸಕ್ಕೆ ಬಳಸುತ್ತೇನೆ. ಕೆಲವು ತಿಂಗಳಿಂದ ಮುಖ್ಯ ಬ್ಯಾಟರಿ ತೆಗೆದು ಹಾಕಿದರೆ ಸಾಕು, ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಮೊದಲೆಲ್ಲ ಸ್ಲೀಪ್‌ನಲ್ಲಿಟ್ಟು ಬ್ಯಾಟರಿ ಬದಲಿಸಿದರೆ ತೆರೆದ ಫೈಲು ಹಾಗೇ ಇರುತ್ತಿತ್ತು. ಈಗ ಪೂರ್ತಿ ಆಫ್ ಆಗಿಬಿಡುತ್ತದೆ. ಒಳಗಿನ ಬ್ಯಾಕಪ್ ಬ್ಯಾಟರಿ ಹೋಗಿದೆ ಎನ್ನುತ್ತಾರೆ. ನಾನೇ ಬದಲಿಸಬಹುದೇ? ಎಲ್ಲ ಕಡೆ ಸಿಗುವ ಸಿಆರ್2032 ಹಾಕಿದರೆ ಆಗುತ್ತದೆಯೇ?

ಉತ್ತರ: ಬದಲಿಸಬಹುದು. ಆದರೆ ನೀವು ಕೇಳುತ್ತಿರುವುದು ಒಂದಲ್ಲ, ಎರಡು ಬ್ಯಾಟರಿಗಳ ವಿಷಯ. ಎರಡಕ್ಕೂ ಜನ ‘ಬ್ಯಾಕಪ್ ಬ್ಯಾಟರಿ’ ಎಂದೇ ಹೇಳುವುದರಿಂದ ಈ ಗೊಂದಲ. ಬೇರೆ ಬ್ಯಾಟರಿ ತರಿಸಿಕೊಂಡು, ಯಂತ್ರ ಬಿಚ್ಚಿ, ಆಮೇಲೆ ತಲೆ ಮೇಲೆ ಕೈಹೊತ್ತು ಕೂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಗಡಿಯಾರ ಹಿಂದೆ ಹೋಗುವುದು ಮದರ್‌ಬೋರ್ಡಿನ ಗುಂಡಿ ಸೆಲ್‌ನ ಲಕ್ಷಣ. ಅದನ್ನು ಸಿಮಾಸ್ ಬ್ಯಾಟರಿ ಎಂದು ಕರೆಯುವುದು ರೂಢಿ. ಸ್ಲೀಪ್‌ನಲ್ಲಿದ್ದ ಯಂತ್ರ ಮುಖ್ಯ ಬ್ಯಾಟರಿ ತೆಗೆದ ಕೂಡಲೇ ಸಾಯುವುದು ಬ್ರಿಡ್ಜ್ ಬ್ಯಾಟರಿಯ ಲಕ್ಷಣ. ಬಯಲಿನಲ್ಲಿ ಬ್ಯಾಟರಿ ಬದಲಿಸುವ ಆ ಒಂದೆರಡು ನಿಮಿಷ ರ‍್ಯಾಮ್‌ಗೆ ಉಸಿರು ಕೊಟ್ಟು ಹಿಡಿದಿಡುವ ಪುಟ್ಟ ಪ್ಯಾಕ್ ಇದು. ಎಲ್ಲ ರಗಡ್ ಯಂತ್ರಗಳಲ್ಲೂ ಇದು ಇರುವುದಿಲ್ಲ. ಎರಡು ಮುಖ್ಯ ಬ್ಯಾಟರಿ ಇರುವ ಮಾಡೆಲ್‌ಗಳಲ್ಲಿ ಒಂದನ್ನು ತೆಗೆದಾಗ ಇನ್ನೊಂದು ನಡೆಸುತ್ತದೆ, ಅಲ್ಲಿ ಬ್ರಿಡ್ಜ್ ಬೇಕಾಗಿಯೇ ಇಲ್ಲ. ನಿಮ್ಮದು ಮೊದಲು ಹಾಗೆ ನಡೆಯುತ್ತಿತ್ತು ಎಂದಿರುವುದರಿಂದ ಅದರಲ್ಲಿ ಬ್ರಿಡ್ಜ್ ಇದೆ ಎಂದೇ ಇಟ್ಟುಕೊಳ್ಳುತ್ತೇನೆ. ಹತ್ತು ವರ್ಷದ ಯಂತ್ರದಲ್ಲಿ ಎರಡೂ ಒಟ್ಟಿಗೆ ಮುಪ್ಪಾಗಿರುವುದು ಅಚ್ಚರಿಯಲ್ಲ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ಮುಖ್ಯ ಬ್ಯಾಟರಿ ಹಾಕಿ, ಚಾರ್ಜರ್ ಚುಚ್ಚಿ, ಯಂತ್ರವನ್ನು ಎರಡು ದಿನ ಹಾಗೇ ಬಿಡಿ. ಆಮೇಲೆ ಮತ್ತೆ ಪರೀಕ್ಷಿಸಿ. ಯಾಕೆಂದರೆ ಕೆಲವು ಲ್ಯಾಪ್‌ಟಾಪ್‌ಗಳ ಗುಂಡಿ ಸೆಲ್ ರೀಚಾರ್ಜ್ ಆಗುವ ಜಾತಿಯದು. ಗಡಿಯಾರದ ಚಿಪ್ ತಿನ್ನುವ ಕರೆಂಟು ಕೆಲವೇ ಮೈಕ್ರೊ ಆಂಪಿಯರ್. 3 ಮೈಕ್ರೊ ಆಂಪಿಯರ್ ಎಂದು ಲೆಕ್ಕ ಹಿಡಿದರೆ, ಸುಮಾರು 220 ಮಿಲಿ ಆಂಪಿಯರ್ ಅವರ್ ಇರುವ ಸಿಆರ್2032 ಎಂಟು ವರ್ಷ ದಾಟಿಸುತ್ತದೆ. ಅದೇ, ಸುಮಾರು 17 ಮಿಲಿ ಆಂಪಿಯರ್ ಅವರ್ ಇರುವ ಎಂಎಲ್1220 ಎಂಬ ರೀಚಾರ್ಜ್ ಸೆಲ್ ಎಂಟು ತಿಂಗಳೂ ಬಾಳುವುದಿಲ್ಲ. ಮುಖ್ಯ ಬ್ಯಾಟರಿ ಇಲ್ಲದೆ ಒಂದು ವರ್ಷ ಕಪಾಟಿನಲ್ಲಿ ಕೂತ ಯಂತ್ರದ ಸೆಲ್ ಬರಿದಾಗುವುದು ಸಹಜ, ಅದು ಸತ್ತಿದೆ ಎಂದೇನೂ ಅಲ್ಲ. ಚಾರ್ಜಿಗೆ ಹಾಕಿಟ್ಟರೆ ಚೇತರಿಸಿಕೊಂಡ ಯಂತ್ರಗಳನ್ನು ಬಿಚ್ಚದೆಯೇ ವಾಪಸ್ ಕೊಟ್ಟಿದ್ದೇನೆ. ಬ್ರಿಡ್ಜ್ ಬ್ಯಾಟರಿಗೂ ಇದೇ ಮಾತು.

ಎರಡು ದಿನದ ನಂತರವೂ ಅದೇ ಹಾಡಾದರೆ ಬಿಚ್ಚಲೇಬೇಕು.

ಈಗ ನಿಮ್ಮ ಸಿಆರ್2032 ಪ್ರಶ್ನೆ. ಗುಂಡಿ ಸೆಲ್ ಮೇಲಿನ ಅಂಕಿ ಅಳತೆ ಹೇಳುತ್ತದೆ: 2032 ಎಂದರೆ 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ. ಅಕ್ಷರ ಹೇಳುವುದು ಒಳಗಿನ ರಸಾಯನ. ‘ಸಿಆರ್’ ಎಂದರೆ ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಸೆಲ್. ‘ಎಂಎಲ್’, ‘ವಿಎಲ್’ ಎಂದರೆ ರೀಚಾರ್ಜ್ ಆಗುವವು. ಎಂಎಲ್2032 ಮತ್ತು ಸಿಆರ್2032 ಎರಡನ್ನೂ ಅಂಗೈಯಲ್ಲಿಟ್ಟರೆ ಅಕ್ಷರ ಓದದೆ ಬೇರೆ ಮಾಡಲಾಗದು. ಅದೇ ಗಾತ್ರ, ಅದೇ ಹೊಳಪು, ಅದೇ 3 ವೋಲ್ಟ್. ಆದರೆ ಎಂಎಲ್ ಇದ್ದ ಜಾಗಕ್ಕೆ ಸಿಆರ್ ಹಾಕಿದರೆ ಬೋರ್ಡ್ ಅದಕ್ಕೆ ಚಾರ್ಜ್ ತುಂಬಲು ನೋಡುತ್ತದೆ. ಚಾರ್ಜ್ ಆಗಬಾರದ ಲಿಥಿಯಂ ಸೆಲ್‌ಗೆ ಚಾರ್ಜ್ ಕೊಟ್ಟರೆ ಅದು ಉಬ್ಬಿ ಸೋರಬಹುದು, ಸಿಡಿಯಲೂಬಹುದು. ಎಲ್ಲ ಕಡೆಯಿಂದ ಸೀಲ್ ಮಾಡಿದ ಪೆಟ್ಟಿಗೆಯೊಳಗೆ ಹಾಗಾಗುವುದು ಬೇಡ. ತಿರುಗಾಮುರುಗಾ ಮಾಡಿದರೆ, ಅಂದರೆ ಸಿಆರ್ ಜಾಗಕ್ಕೆ ಎಂಎಲ್ ಹಾಕಿದರೆ, ಅಪಾಯವೇನಿಲ್ಲ. ಆದರೆ ಅದನ್ನು ಚಾರ್ಜ್ ಮಾಡುವವರಿಲ್ಲದೆ ಬೇಗನೇ ಬರಿದಾಗಿ ನೀವು ಮತ್ತೆ ಯಂತ್ರ ಬಿಚ್ಚಬೇಕಾಗುತ್ತದೆ.

ಆದ್ದರಿಂದ ಹಳೆಯ ಸೆಲ್ ಮೇಲಿನ ಅಕ್ಷರ ಓದುವವರೆಗೆ ಹೊಸದನ್ನು ತರಿಸಬೇಡಿ. ಸರ್ವಿಸ್ ಮ್ಯಾನುಯಲ್ ಸಿಕ್ಕಿದರೆ ಅದರಲ್ಲೂ ಪಾರ್ಟ್ ನಂಬರ್ ಇರುತ್ತದೆ. ಹಿಂದಿನ ಮಾಲೀಕರು ತಪ್ಪು ಸೆಲ್ ಹಾಕಿದ್ದಿರಬಹುದು, ಹಾಗಾಗಿ ಮ್ಯಾನುಯಲ್ ಮತ್ತು ಸೆಲ್ ಎರಡೂ ಒಂದೇ ಮಾತು ಹೇಳಿದರೆ ನೆಮ್ಮದಿ.

ಬಿಚ್ಚುವ ಹಿಂದಿನ ದಿನದ ಕೆಲಸ ಇಷ್ಟಿದೆ. ಕಡತಗಳ ಪ್ರತಿ ಬೇರೆಡೆ ಇಟ್ಟುಕೊಳ್ಳಿ. ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್ ಪರದೆಗೆ, ಹೋಗಿ ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಸೆಲ್ ತೆಗೆದಾಗ ಕೆಲವು ಯಂತ್ರಗಳ ಸೆಟ್ಟಿಂಗ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಮುಖ್ಯವಾಗಿ ಡಿಸ್ಕಿನ ಮೋಡ್, ಅಂದರೆ ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ, ನೋಡಿಕೊಳ್ಳಿ. ಎಎಚ್‌ಸಿಐ ಇದ್ದದ್ದು ರೇಡ್ ಆಗಿಯೋ, ರೇಡ್ ಇದ್ದದ್ದು ಎಎಚ್‌ಸಿಐ ಆಗಿಯೋ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಡಿಸ್ಕೇ ಹೋಯಿತೆಂದು ಗಾಬರಿಯಾಗುವವರು ಇಲ್ಲೇ. ಫೋಟೊ ನೋಡಿ ಸೆಟ್ಟಿಂಗ್ ಹಿಂದಿನಂತೆ ಮಾಡಿದರೆ ಸರಿಹೋಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೇ ಲ್ಯಾಪ್‌ಟಾಪಿನಲ್ಲಿ ಇಟ್ಟರೆ ಉಪಯೋಗವಿಲ್ಲ. ಅಂದಹಾಗೆ, ಸೆಲ್ ತೆಗೆದರೆ ಮರೆತ ಬಯಾಸ್ ಪಾಸ್‌ವರ್ಡ್ ಅಳಿಸಿಹೋಗುತ್ತದೆ ಎಂಬ ಹಳೆಯ ನಂಬಿಕೆ ಇಂದಿನ ಲ್ಯಾಪ್‌ಟಾಪ್‌ಗಳಿಗೆ ಹೊಂದುವುದಿಲ್ಲ. ಅದು ಕರೆಂಟು ಬೇಡದ ಮೆಮೊರಿಯಲ್ಲಿ ಕೂತಿರುತ್ತದೆ.

ಯಂತ್ರ ಬಿಚ್ಚುವ ದಿನ ಮೊದಲು ಬ್ರಿಡ್ಜ್ ಪರೀಕ್ಷೆ ಮಾಡಿ. ಬೇಡದ ಒಂದು ಫೈಲು ತೆರೆದಿಟ್ಟು, ಸ್ಲೀಪ್‌ಗೆ ಕಳಿಸಿ, ಚಾರ್ಜರ್ ಮತ್ತು ಮುಖ್ಯ ಬ್ಯಾಟರಿ ತೆಗೆದು, ಸ್ಲೀಪ್ ದೀಪ ಎಷ್ಟು ಹೊತ್ತು ಮಿನುಗುತ್ತದೆ ಎಂದು ಎಣಿಸಿ. ಎರಡು ಮೂರು ಸೆಕೆಂಡಿಗೆ ಆರಿದರೆ ಪ್ಯಾಕ್ ಮುಗಿದಿದೆ ಎಂದರ್ಥ. ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ: ಪ್ಯಾಕ್‌ನಲ್ಲಿ ಉಳಿದಿದ್ದ ಚಾರ್ಜೂ ಬಹುಮಟ್ಟಿಗೆ ಬರಿದಾಗುತ್ತದೆ. ತುಂಬಿದ ಲಿಥಿಯಂ ಪ್ಯಾಕ್‌ಗಿಂತ ಬರಿದಾದದ್ದರ ಹತ್ತಿರ ಕೈಯಾಡಿಸುವುದು ಕ್ಷೇಮ. ನಂತರ ಬ್ಯಾಟರಿ ಹಾಕಿ ಆನ್ ಮಾಡಿ, ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಬರೀ ಶಟ್‌ಡೌನ್ ಕೊಟ್ಟರೆ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರಬಹುದು. ಕೂಡಲೇ ಎಲ್ಲ ಬ್ಯಾಟರಿ ತೆಗೆದು, ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡಿಯಿರಿ.

ಇನ್ನು ಬಿಚ್ಚುವುದು. ಮಾಡೆಲ್‌ಗೊಂದು ದಾರಿ: ಕೆಲವದರಲ್ಲಿ ಹಿಂಬದಿಯ ಚಿಕ್ಕ ಮುಚ್ಚಳದ ಕೆಳಗೇ ಸೆಲ್ ಸಿಗುತ್ತದೆ, ಕೆಲವದರಲ್ಲಿ ಕೀಬೋರ್ಡ್ ಎತ್ತಬೇಕು, ಕೆಲವದರಲ್ಲಿ ಬೋರ್ಡನ್ನೇ ಹೊರಗೆ ತೆಗೆಯಬೇಕು. ಕೀಬೋರ್ಡ್ ಅಂಚಿಗೆ ಜಲನಿರೋಧಕ ಟೇಪ್ ಇರುತ್ತದೆ, ಅವಸರದಲ್ಲಿ ಎಳೆದರೆ ಕೆಳಗಿನ ರಿಬ್ಬನ್ ಕೇಬಲ್ ಹರಿಯುತ್ತದೆ. ಆ ಟೇಪ್ ಎರಡನೇ ಸಲ ಸರಿಯಾಗಿ ಅಂಟುವುದಿಲ್ಲ, ಹೊಸದನ್ನು ಮೊದಲೇ ತರಿಸಿಟ್ಟುಕೊಳ್ಳಿ. ಸ್ಕ್ರೂಗಳಿಗೆ ಒಂದು ರಟ್ಟಿನ ಮೇಲೆ ಯಂತ್ರದ ತಳದ ಚಿತ್ರ ಬರೆದು, ತೆಗೆದ ಜಾಗದಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ನೇರ ಬೋರ್ಡಿಗೆ ಕೊರೆಯುತ್ತದೆ. ಕೆಲವು ಸ್ಕ್ರೂಗಳ ಕುತ್ತಿಗೆಗೆ ಸಣ್ಣ ರಬ್ಬರ್ ಉಂಗುರ ಇರುತ್ತದೆ. ಅದು ಉದುರಿ ಬಿದ್ದರೆ ಕಣ್ಣಿಗೆ ಕಾಣುವುದೂ ಕಷ್ಟ, ಆದರೆ ನೀರು ತಡೆಯುವುದು ಅದೇ.

ಗುಂಡಿ ಸೆಲ್ ಹೋಲ್ಡರಿನಲ್ಲಿ ಕೂತಿದ್ದರೆ ಪ್ಲಾಸ್ಟಿಕ್ ಕಡ್ಡಿಯಿಂದ ಎತ್ತಿ. ಲೋಹದ ಚಿಮುಟ ಎರಡೂ ತುದಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಹೊಸದನ್ನು ಬೆರಳಲ್ಲಿ ಹಿಡಿದಿದ್ದರೆ ಜಿಡ್ಡನ್ನು ಒಣ ಬಟ್ಟೆಯಿಂದ ಒರೆಸಿ ಕೂರಿಸಿ. ಆದರೆ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಕಪ್ಪು ಕವಚದೊಳಗೆ ಸುತ್ತಿದ, ಎರಡು ತಂತಿ ಮತ್ತು ಪುಟ್ಟ ಕನೆಕ್ಟರ್ ಇರುವ ಸೆಲ್. ಅಲ್ಲಿ ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರಿನ ಎರಡು ಕಿವಿಗಳನ್ನು ಉಗುರಿನಿಂದ ಸರದಿಯಾಗಿ ಸ್ವಲ್ಪ ಸ್ವಲ್ಪವೇ ತಳ್ಳಿ. ಹಳೆಯ ಕವಚ ಕತ್ತರಿಸಿ ಹೊಸ ಸೆಲ್‌ಗೆ ಆ ತಂತಿಗಳನ್ನು ನೇರವಾಗಿ ಬೆಸೆಯಲು ಹೋಗಬೇಡಿ. ಲಿಥಿಯಂ ಕರಗುವುದು 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಬೆಸುಗೆ ಕಡ್ಡಿಯ ತುದಿ 300ರ ಮೇಲಿರುತ್ತದೆ. ಒಳಗಿನ ಸೀಲೂ ಆ ಕಾವು ತಡೆಯದು. ಕಾರ್ಖಾನೆಯಲ್ಲೇ ಲೋಹದ ಪಟ್ಟಿ ವೆಲ್ಡ್ ಮಾಡಿದ ಸೆಲ್‌ಗಳು ಸಿಗುತ್ತವೆ, ಆ ಪಟ್ಟಿಗೆ ಬೆಸೆಯಬಹುದು. ಬೆಸೆದ ಮೇಲೆ ಕವಚ ಹಾಕದೆ ಬಿಟ್ಟರೆ ಮೊದಲ ಏಟಿಗೇ ಎಲ್ಲಾದರೂ ತಗುಲಿ ಶಾರ್ಟ್ ಆಗುತ್ತದೆ, ಇದು ಬೀಳಲೆಂದೇ ಹುಟ್ಟಿದ ಯಂತ್ರ.

ಬ್ರಿಡ್ಜ್ ಪ್ಯಾಕ್ ಇನ್ನಷ್ಟು ಎಚ್ಚರ ಬೇಡುತ್ತದೆ. ಮೆತ್ತನೆಯ ಚೀಲದಂಥ ಲಿಥಿಯಂ ಪೌಚ್ ಆಗಿದ್ದರೆ ಕೆಳಗೆ ಅಂಟು ಇರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸಬೇಡಿ, ಪೌಚ್ ತೂತಾದರೆ ಬೆಂಕಿ ಹತ್ತಬಹುದು. ಅಂಚಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು, ಕೆಲವು ನಿಮಿಷ ಕಾದು, ತೆಳುವಾದ ಪ್ಲಾಸ್ಟಿಕ್ ಕಾರ್ಡ್ ಜಾರಿಸಿದರೆ ಅಂಟು ತಾನೇ ಬಿಡುತ್ತದೆ. ಪ್ಯಾಕ್ ದಿಂಬಿನಂತೆ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಿ ಗಾಳಿ ಬಿಡುವ ಯೋಚನೆಯಂತೂ ಬೇಡವೇ ಬೇಡ. ಹೊಸ ಪ್ಯಾಕ್ ಕಂಪನಿಯದ್ದಲ್ಲದಿದ್ದರೆ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕನೆಕ್ಟರ್ ಆಕಾರ ಒಂದೇ ಇದ್ದು, ಪ್ಲಸ್ ಮತ್ತು ಮೈನಸ್ ಅದಲುಬದಲಾಗಿ ಬಂದ ಪ್ಯಾಕ್‌ಗಳು ನನ್ನ ಕೈಗೇ ಬಂದಿವೆ. ತಂತಿಯ ಬಣ್ಣ ನಂಬಬೇಡಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಒಂದೇ ದಿಕ್ಕಿಗೆ ಇಟ್ಟು, ಅದೇ ಪಿನ್‌ಗಳ ಮೇಲೆ ಅದೇ ಕ್ರಮದಲ್ಲಿ ಮೀಟರ್ ಕಡ್ಡಿ ಇಟ್ಟಾಗ ಎರಡೂ ಒಂದೇ ಚಿಹ್ನೆ ತೋರಿಸಬೇಕು. ಮೂರನೇ ತಂತಿ ಇದ್ದರೆ ಅದು ಸಾಮಾನ್ಯವಾಗಿ ಶಾಖ ಅಳೆಯುವುದಕ್ಕೆ. ಅದನ್ನು ಬಿಟ್ಟು ಎರಡೇ ತಂತಿಯ ಪ್ಯಾಕ್ ಹೊಂದಿಸುವ ಪ್ರಯತ್ನ ಬೇಡ.

ಮೀಟರ್ ಕೈಯಲ್ಲಿದ್ದಾಗಲೇ ಹಳೆಯ ಗುಂಡಿ ಸೆಲ್ ಅನ್ನೂ ಅಳೆದು ನೋಡಿ. ಹೊಸ ಸಿಆರ್ ಸೆಲ್ 3 ವೋಲ್ಟಿಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. 2.7ರ ಕೆಳಗೆ ಇಳಿದದ್ದನ್ನು ನಾನು ಉಳಿಸಿಕೊಳ್ಳುವುದಿಲ್ಲ. ಹೊರೆ ಇಲ್ಲದೆ ಅಳೆದರೆ ಮುದಿ ಸೆಲ್ ಕೂಡ ಚೆನ್ನಾಗಿದ್ದಂತೆ ತೋರಬಹುದು, 10 ಕಿಲೊ ಓಮ್ ರೆಸಿಸ್ಟರ್ ಅಡ್ಡ ಇಟ್ಟು ಅಳೆದರೆ ನಿಜ ಬಯಲಾಗುತ್ತದೆ. ಹಳೆಯ ಸೆಲ್ ಸರಿಯಾಗಿಯೇ ಇದೆ, ಗಡಿಯಾರ ಮಾತ್ರ ಹಿಂದೆ ಹೋಗುತ್ತದೆ ಎಂದಾದರೆ ದೋಷ ಬೋರ್ಡಿನಲ್ಲೋ ಕನೆಕ್ಟರಿನಲ್ಲೋ ಇದೆ. ಹೊಸ ಸೆಲ್ ಅದಕ್ಕೆ ಮದ್ದಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಯಾವ ಲ್ಯಾಪ್‌ಟಾಪಿಗಾದರೂ ಸಲ್ಲುವ ಮಾತು. ರಗಡ್ ಯಂತ್ರದ ನಿಜವಾದ ಕೆಲಸ ಮುಚ್ಚುವಾಗ ಶುರುವಾಗುತ್ತದೆ.

ಕಸುಬಿಗೆ ಬಂದ ಹೊಸತರಲ್ಲಿ ನಾನೊಂದು ಯಂತ್ರದ ಸೆಲ್ ಬದಲಿಸಿಕೊಟ್ಟಿದ್ದೆ. ಗಡಿಯಾರ ಸರಿಹೋಯಿತು, ಮಾಲೀಕರು ಖುಷಿಯಾಗಿ ಒಯ್ದರು. ಮೂರು ವಾರಕ್ಕೆ ವಾಪಸ್ ಬಂತು: ಮಳೆಯಲ್ಲಿ ಕೆಲಸ ಮಾಡಿದ ಮೇಲೆ ಕೀಬೋರ್ಡಿನ ಒಂದು ಸಾಲು ಸತ್ತಿತ್ತು. ಬಿಚ್ಚಿದರೆ ಬಲಮೂಲೆಯ ಗ್ಯಾಸ್ಕೆಟ್, ಅಂದರೆ ಸಂದಿ ಮುಚ್ಚುವ ರಬ್ಬರ್ ದಾರ, ತನ್ನ ಕಾಲುವೆಯಿಂದ ಎದ್ದು, ಒಂದು ಬೆರಳಗಲ ಮಡಚಿಕೊಂಡು, ಮುಚ್ಚಳದ ನಡುವೆ ಸಿಕ್ಕಿಕೊಂಡಿತ್ತು. ಅದರ ನೇರ ಕೆಳಗೆ ಬೋರ್ಡಿನ ಮೇಲೆ ಹಸಿರು ಬಿಳುಪಿನ ಕಿಲುಬು. ಮಡಚಿದ್ದು ನಾನು ಮುಚ್ಚುವಾಗಲೇ. ಹತ್ತಾರು ವರ್ಷ ಏಟು, ಮಳೆ, ಧೂಳು ತಡೆದ ಯಂತ್ರವನ್ನು ಒಂದು ಗುಂಡಿ ಸೆಲ್‌ಗಾಗಿ ನಾನು ಕೆಡಿಸಿದ್ದೆ. ಅಂದಿನಿಂದ ಮುಚ್ಚುವುದಕ್ಕೆ ಬಿಚ್ಚುವುದಕ್ಕಿಂತ ಎರಡರಷ್ಟು ಹೊತ್ತು ಇಟ್ಟುಕೊಳ್ಳುತ್ತೇನೆ.

ಐಪಿ65 ಎಂಬ ಗುರುತಿನಲ್ಲಿ 6 ಎಂದರೆ ಧೂಳು ಒಳಗೆ ಹೋಗದು, 5 ಎಂದರೆ ಚಿಮ್ಮುವ ನೀರಿನ ಧಾರೆ ತಡೆಯುತ್ತದೆ ಎಂದು. ಅಮೆರಿಕದ ಸೇನಾ ಮಾನದಂಡವಾದ ಮಿಲ್-ಎಸ್‌ಟಿಡಿ-810ರ ಬೀಳಿಸುವ ಪರೀಕ್ಷೆಯಲ್ಲಿ ಯಂತ್ರವನ್ನು 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಈ ಎರಡೂ ಕೂತಿರುವುದು ಆ ರಬ್ಬರ್ ದಾರದ ಮೇಲೆ, ಸ್ಕ್ರೂಗಳ ಸಮನಾದ ಬಿಗಿಯ ಮೇಲೆ.

ಗ್ಯಾಸ್ಕೆಟ್‌ನ್ನು ನೂಲು ಬಿಡದ ಬಟ್ಟೆಯನ್ನು ನೀರಿನಲ್ಲಿ ಸ್ವಲ್ಪವೇ ತೇವ ಮಾಡಿ ಒರೆಸಿ, ಒಣಗಲು ಬಿಡಿ. ಒಂದು ಕೂದಲು, ಒಂದು ಮರಳಿನ ಕಣ ಸಾಕು ದಾರಿ ಮಾಡಲು. ಟಾರ್ಚನ್ನು ಅಡ್ಡಡ್ಡ ಹಿಡಿದು ಸುತ್ತಲೂ ನೋಡಿದರೆ ಬಿರುಕು, ಚಪ್ಪಟೆಯಾದ ಭಾಗ ನೆರಳಿನಲ್ಲಿ ಎದ್ದು ಕಾಣುತ್ತದೆ. ಹತ್ತು ವರ್ಷದ ರಬ್ಬರ್ ಅದುಮಿದ ಆಕಾರದಲ್ಲೇ ನಿಂತುಬಿಟ್ಟಿದ್ದರೆ, ಉಗುರಿನಿಂದ ಒತ್ತಿ ಬಿಟ್ಟಾಗ ಮೇಲೆ ಬಾರದಿದ್ದರೆ, ಹೊಸದು ಹಾಕಿ. ಗ್ರೀಸ್, ವ್ಯಾಸಲೀನ್ ಹಚ್ಚುವ ಅಭ್ಯಾಸ ಕೆಲವರಿಗಿದೆ. ಪೆಟ್ರೋಲಿಯಂ ಜಿಡ್ಡಿಗೆ ಇಪಿಡಿಎಂ ರಬ್ಬರ್ ಉಬ್ಬುತ್ತದೆ, ಸಿಲಿಕೋನ್ ಎಣ್ಣೆಗೆ ಸಿಲಿಕೋನ್ ರಬ್ಬರ್ ಉಬ್ಬುತ್ತದೆ. ಮ್ಯಾನುಯಲ್ ಹೇಳದಿದ್ದರೆ ಏನೂ ಹಚ್ಚಬೇಡಿ. ಒಳಗಡೆ ಎಲ್ಲಾದರೂ ಬಿಳಿ ಪೊರೆ ಮುಚ್ಚಿದ ಚಿಕ್ಕ ರಂಧ್ರ ಕಂಡರೆ ಅದು ಗಾಳಿಯ ಒತ್ತಡ ಸರಿದೂಗಿಸುವ ಕಿಂಡಿ. ತೂತು ಮಾಡಬೇಡಿ, ಟೇಪೂ ಅಂಟಿಸಬೇಡಿ.

ಮುಚ್ಚುವ ಮೊದಲೇ ಸೆಲ್ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಿ. ಯಂತ್ರವನ್ನು ತಾತ್ಕಾಲಿಕವಾಗಿ ಜೋಡಿಸಿ, ಬಯಾಸ್‌ನಲ್ಲಿ ತಾರೀಖು ಹಾಕಿ, ಆಫ್ ಮಾಡಿ, ಎಲ್ಲ ಬ್ಯಾಟರಿ ತೆಗೆದು ಅರ್ಧ ಗಂಟೆ ಬಿಡಿ. ಸಮಯ ಸರಿಯಿದ್ದರೆ ಆಗ ಸೀಲ್ ಮಾಡಿ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ, ಒಳಗೆ ಸಿಕ್ಕ ತೇವ ಸುಲಭವಾಗಿ ಹೊರಗೆ ಹೋಗುವುದಿಲ್ಲ.

ಈ ಯಂತ್ರಗಳ ಮೈ ಹೆಚ್ಚಾಗಿ ಮೆಗ್ನೀಷಿಯಂ ಮಿಶ್ರಲೋಹದ್ದು, ಅದರ ಮರೆಗಳು, ಅಂದರೆ ಸ್ಕ್ರೂ ಸುತ್ತಿ ಕೂರುವ ಕೊರೆತಗಳು, ಮೆತ್ತಗೆ. ಪ್ರತಿ ಸ್ಕ್ರೂವನ್ನು ಮೊದಲು ಎಡಕ್ಕೆ ನಿಧಾನ ತಿರುಗಿಸಿ. ಹಳೆಯ ಮರೆ ಸಿಕ್ಕಾಗ ಸ್ಕ್ರೂ ‘ಟಕ್’ ಎಂದು ಕೂದಲೆಳೆಯಷ್ಟು ಕೆಳಗಿಳಿಯುವುದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಹೊಸ ಮರೆ ಕೊರೆಯದೆ ಹಳೆಯದರಲ್ಲೇ ಹೋಗುತ್ತದೆ. ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಿ, ಆಮೇಲೆ ಎದುರುಬದುರು ಮೂಲೆಗಳಿಂದ ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಮ್ಯಾನುಯಲ್‌ನಲ್ಲಿ ಟಾರ್ಕ್ ಕೊಟ್ಟಿದ್ದರೆ ಅದೇ ಅಂತಿಮ. ಸ್ಕ್ರೂ ಸಡಿಲವಾಗದಂತೆ ಹಾಕುವ ದ್ರವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ಗೆ ತಾಗಿದರೆ ಬಿರುಕು ಬಿಡಿಸುತ್ತದೆ, ಅದನ್ನು ದೂರವಿಡಿ. ಕೊನೆಗೆ ಸಂದಿನುದ್ದಕ್ಕೂ ಉಗುರು ಎಳೆಯಿರಿ. ಎಲ್ಲಾದರೂ ತಡೆದರೆ ಅಲ್ಲಿ ಗ್ಯಾಸ್ಕೆಟ್ ಎದ್ದಿದೆ, ಮತ್ತೆ ಬಿಚ್ಚಿ ನೋಡಿ.

ಸರಿಯಾಗಿ ಮುಚ್ಚಿದೆಯೇ ಎಂದು ನೀರು ಹಾಕಿ ನೋಡಬೇಡಿ. ಅದನ್ನು ಪರೀಕ್ಷಿಸುವುದು ಗಾಳಿಯ ಒತ್ತಡ ಎಷ್ಟು ಇಳಿಯುತ್ತದೆ ಎಂದು ಅಳೆಯುವ ಯಂತ್ರದಿಂದ, ಅದು ಸರ್ವಿಸ್ ಕೇಂದ್ರದ ಕೆಲಸ. ಆ ಪರೀಕ್ಷೆ ಆಗದ ಯಂತ್ರವನ್ನು ಜಡಿಮಳೆಯಲ್ಲಿ ನೆನೆಯಲು ಬಿಡಬೇಡಿ, ತುಂತುರಿಗೆ ಪರವಾಗಿಲ್ಲ ಎಂಬಂತೆ ನಡೆಸಿಕೊಳ್ಳಿ.

ಒಂದು ಸಂದರ್ಭದಲ್ಲಿ ಮಾತ್ರ ನೀವು ಕೈಹಾಕಲೇಬಾರದು. ಸ್ಫೋಟಕ ಅನಿಲ ಇರುವ ಜಾಗಗಳಿಗೆಂದು ಪ್ರಮಾಣೀಕರಿಸಿದ ಮಾಡೆಲ್‌ಗಳಿವೆ, ತಳದ ಲೇಬಲ್‌ನಲ್ಲಿ ಅದರ ಗುರುತು ಇರುತ್ತದೆ. ನಿಮ್ಮದು ಅಂಥದ್ದಾದರೆ ಅಧಿಕೃತ ಕೇಂದ್ರಕ್ಕೇ ಕೊಡಿ. ನಾವು ಬಿಚ್ಚಿದ ಕ್ಷಣಕ್ಕೆ ಆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ, ಅಲ್ಲಿ ಒಂದು ಕಿಡಿಯ ಬೆಲೆ ಜೀವ.

ಹಾಕಿದ ಮೇಲೆ ಬಯಾಸ್ ಫೋಟೊಗಳ ಜೊತೆ ಹೋಲಿಸಿ, ತಾರೀಖು ಸರಿಮಾಡಿ, ಆಮೇಲೆ ವಿಂಡೋಸ್‌ಗೆ ಹೋಗಿ. ತಾರೀಖು ತಪ್ಪಿದ್ದರೆ ಜಾಲತಾಣಗಳು ಸರ್ಟಿಫಿಕೇಟ್ ದೋಷವೆಂದು ತೆರೆಯುವುದಿಲ್ಲ. ಕಚೇರಿಯ ಡೊಮೇನ್ ಲಾಗಿನ್‌ಗಂತೂ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವೇ ಸಾಕು ಬಾಗಿಲು ಮುಚ್ಚಲು. ಹೊಸ ಬ್ರಿಡ್ಜ್ ಪ್ಯಾಕ್‌ಗೆ ಒಂದು ರಾತ್ರಿ ಚಾರ್ಜ್ ಕೊಟ್ಟು, ಬೇಡದ ಫೈಲಿನೊಂದಿಗೆ ಮತ್ತೆ ಸ್ಲೀಪ್ ಪರೀಕ್ಷೆ ಮಾಡಿ, ಅದಾದ ಮೇಲೆಯೇ ಬಯಲಿನ ಕೆಲಸಕ್ಕೆ ಒಯ್ಯಿರಿ.

ತೆಗೆದ ಗುಂಡಿ ಸೆಲ್ ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ತೀವ್ರ ಸುಟ್ಟಗಾಯ ಮಾಡಬಲ್ಲದು. ಯಂತ್ರಕ್ಕೆ ಸಾಲದೆ ನಾವು ‘ಸತ್ತಿದೆ’ ಎನ್ನುವ ಸೆಲ್‌ನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ನುಂಗಿದೆ ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಹಳೆಯ ಸೆಲ್ ಮತ್ತು ಪ್ಯಾಕ್ ಎರಡರ ತುದಿಗೂ ಟೇಪ್ ಸುತ್ತಿ, ಕಸದ ಬುಟ್ಟಿಗಲ್ಲ, ಇ-ತ್ಯಾಜ್ಯ ಪಡೆಯುವ ಕಡೆ ಕೊಡಿ.

ಬಿಚ್ಚಿದ ಮೇಲೆ ಸೆಲ್ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ, ಅಥವಾ ಬೋರ್ಡಿಗೇ ಬೆಸೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಎರಡೂ ಕಡೆಯ ಸ್ಪಷ್ಟ ಫೋಟೊ ಮತ್ತು ತಳದ ಲೇಬಲ್‌ನಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆ ಕಳಿಸಿ, ಯಾವ ಸೆಲ್ ಎಂದು ಅಲ್ಲಿಂದ ಹುಡುಕೋಣ.